ಡಬ್ಬಿಯ ಮೇಲಿನ ನಂಬರನ್ನು ನಂಬಬೇಡಿ

ಟಿ. ನಗರದಲ್ಲಿ ಮ್ಯಾಚಿಂಗ್ ಬ್ಲೌಸ್ ಪೀಸ್ ಕೊಳ್ಳುವವರನ್ನು ನೋಡಿ. ಸೀರೆಯನ್ನು ಚೀಲದಲ್ಲಿ ಇಟ್ಟುಕೊಂಡೇ ಬರುತ್ತಾರೆ. ಅಂಗಡಿಯವನು ಒಂದೊಂದೇ ಥಾನು ತೆಗೆದು ಸೆರಗಿನ ಪಕ್ಕ ಹಿಡಿಯುತ್ತಾನೆ. ಟ್ಯೂಬ್‌ಲೈಟಿನಲ್ಲಿ ಹೊಂದಿದಂತೆ ಕಂಡರೂ ನನ್ನ ಹೆಂಡತಿ ನಂಬುವುದಿಲ್ಲ. ಎರಡನ್ನೂ ಉಸ್ಮಾನ್ ರಸ್ತೆಯ ಬಿಸಿಲಿಗೆ ತಂದು ನೋಡುತ್ತಾಳೆ. ಇಪ್ಪತ್ತು ವರ್ಷಗಳಿಂದ ಯುದ್ಧವಿಮಾನ, ಟ್ಯಾಂಕುಗಳ ಸ್ಕೇಲ್ ಮಾಡೆಲ್ ಕಟ್ಟುತ್ತಿರುವ ನನಗೆ ಈ ಬುದ್ಧಿ ಬಂದಿರಲಿಲ್ಲ. ನಾವು ಸೀರೆಯನ್ನೇ ನೋಡದೆ ಬ್ಲೌಸ್ ಕೊಳ್ಳುವ ಜನ.

ನಾವು ಕೊಳ್ಳುವುದು ನಂಬರನ್ನು. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 595ರಲ್ಲಿ ಪ್ರತಿ ಬಣ್ಣಕ್ಕೂ ಐದು ಅಂಕಿ. ಮೊದಲನೆಯದು 1 ಆದರೆ ಹೊಳಪು, 3 ಆದರೆ ಮ್ಯಾಟ್. ಜರ್ಮನರಿಗೆ ಆರ್‌ಎಎಲ್ ಪಟ್ಟಿ. ಹಂಬ್ರಾಲ್‌ನ 14 ಎಂ.ಎಲ್. ಡಬ್ಬಿಯೋ ತಮಿಯಾದ ಬಾಟಲಿಯೋ ಕೈಗೆ ಬಂದ ಕೂಡಲೇ ಅದು ಯಾವ ನಂಬರಿಗೆ ಸಮ ಎಂದು ಜಗಳ ಶುರು. ಎನಾಮೆಲ್ ಬೇಗ ಹೊತ್ತಿಕೊಳ್ಳುವ ವಸ್ತು, ವಿಮಾನದ ಅಂಚೆಯಲ್ಲಿ ಕಳಿಸಲು ಬಿಡುವುದಿಲ್ಲ. ಹಾಗಾಗಿ ಪರಿಚಯದವರ ಕೈಕಾಲು ಹಿಡಿದು ತರಿಸಿದ ಡಬ್ಬಿಗೆ ಪ್ರಸಾದದ ಬೆಲೆ. ಅದರ ಮೇಲಿನ ನಂಬರ್ ಸುಳ್ಳಿರಬಹುದು ಎಂದರೆ ಯಾರು ಕೇಳುತ್ತಾರೆ?

ಆದರೆ ನಮ್ಮ ವಿಮಾನಗಳ ಮಟ್ಟಿಗೆ ಆ ನಂಬರಿಗೆ ಅರ್ಥವೇ ಇಲ್ಲದಿರಬಹುದು. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನ್‌ಮೆಂಟ್ ಹೌಸ್ ಮೇಲೆ ದಾಳಿ ಮಾಡಿದ 28ನೇ ಸ್ಕ್ವಾಡ್ರನ್ನಿನ ಮಿಗ್-21ಗಳನ್ನೇ ತೆಗೆದುಕೊಳ್ಳಿ. ಆ ಕಾಲದ ನಮ್ಮ ಮಿಗ್‌ಗಳು ಮೊದಲು ಬರಿಯ ಲೋಹದ ಬಣ್ಣದಲ್ಲೇ ಇದ್ದವು. ಯುದ್ಧದ ಹೊತ್ತಿಗೆ ವಾಯುನೆಲೆಗಳಲ್ಲೇ ಅವಸರವಸರವಾಗಿ ಮರೆಬಣ್ಣ ಬಳಿದರು, ಒಂದೊಂದು ಕಡೆ ಒಂದೊಂದು ರೀತಿ. ಸೋವಿಯತ್ ವಿನ್ಯಾಸದ ವಿಮಾನ, ಅಸ್ಸಾಮಿನಲ್ಲಿ ಬಳಿದ ಹಸಿರು. ಅದಕ್ಕೆ ಅಮೆರಿಕದ ಐದಂಕಿ ಹುಡುಕುತ್ತಾ ನಾವು ರಾತ್ರಿ ಕಳೆಯುತ್ತೇವೆ.

ನಾನೂ ಕಳೆದವನೇ. ಗೇಣುದ್ದದ ಅಂಥದೊಂದು ಮಿಗ್ ಮುಗಿಸಿ, ಕನ್ನಡದವರು ಸೇರುವ ಒಂದು ಮನೆಗೆ ಹೆಮ್ಮೆಯಿಂದ ಒಯ್ದಿದ್ದೆ. ಹಾಸನದ ಕಡೆಯ ಹಿರಿಯರೊಬ್ಬರು, ಆಗ ಅಸ್ಸಾಮಿನಲ್ಲಿ ಏರ್‌ಮನ್ ಆಗಿದ್ದವರು, ಕನ್ನಡಕ ಹಣೆಗೇರಿಸಿ ನೋಡಿದರು.

"ಈ ಹಸಿರು ಯಾರು ಹೇಳಿದ್ದು ನಿಂಗೆ?"

"ಪುಸ್ತಕದಲ್ಲಿದೆ ಸಾರ್."

"ಸ್ಟೋರಲ್ಲಿ ಏನಿತ್ತೋ ಅದನ್ನ ಕಲಸಿ ಬಳಿದ್ವಿ. ಎರಡು ವಿಮಾನ ಒಂದೇ ಥರ ಇರ್ಲಿಲ್ಲ ಕಣಪ್ಪ."

ಐವತ್ತು ವರ್ಷದ ಹಿಂದಿನ ಬಣ್ಣದ ನೆನಪನ್ನು ನಂಬಬಹುದೇ ಎಂದು ಕೇಳುವವರಿದ್ದಾರೆ. ಸರಿ, ಬಣ್ಣವನ್ನು ನಂಬಬೇಡಿ. ಆದರೆ ಬ್ರಷ್ಷೋ ಸ್ಪ್ರೇಯೋ, ತೆಳ್ಳಗೆ ಮಾಡಲು ಏನು ಬೆರೆಸಿದರು, ಹಳೆಯ ನಂಬರಿನ ಮೇಲೆ ಬಳಿದರೋ ಬಿಟ್ಟು ಬಳಿದರೋ, ಇದೆಲ್ಲ ಕೈ ಮರೆಯುವುದಿಲ್ಲ. ನಿಮ್ಮ ಪುಸ್ತಕದ ಚಿತ್ರಗಾರನಿಗೆ ಸಿಕ್ಕಿದ್ದಾದರೂ ಏನು? ಬಹುಪಾಲು ಕಪ್ಪು-ಬಿಳುಪು ಫೋಟೋ. ಅದರಲ್ಲಿ ಹಸಿರೂ ಕಂದೂ ಒಂದೇ ಬೂದು.

ನನ್ನ ಕಪಾಟಿನ ನಾಚಿಕೆಯನ್ನೂ ಹೇಳಿಬಿಡುತ್ತೇನೆ. ಕುರ್ಟ್ ಟ್ಯಾಂಕ್ ಜರ್ಮನಿಯಲ್ಲಿ ವಿನ್ಯಾಸ ಮಾಡಿದ ಫೋಕೆ-ವುಲ್ಫ್ 190ರ ಬಣ್ಣಗಳ ಬಗ್ಗೆ ಒಂದು ಸಾಲು ಪುಸ್ತಕಗಳಿವೆ. ಅದೇ ಮನುಷ್ಯ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾಡಿದ, 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್ ಬಗ್ಗೆ? 147 ಕಟ್ಟಿದರು. ಬಣ್ಣದ ವಿಷಯಕ್ಕೆ ನನ್ನಲ್ಲಿರುವುದು ಒಂದೆರಡು ಪುಟ. ಇಲ್ಲಿಂದ ಲೋಕಲ್ ರೈಲಿನ ದೂರದಲ್ಲಿರುವ ಆವಡಿಯಲ್ಲಿ 1965ರಿಂದ ತಯಾರಾದ ವಿಜಯಂತ ಟ್ಯಾಂಕಿನದೂ ಅದೇ ಕಥೆ.

ನಮ್ಮಲ್ಲಿ ಬಣ್ಣದ ಮಾನದಂಡ ಇಲ್ಲವೆಂದಲ್ಲ. ಐಎಸ್ 5 ಇದೆ. ಆಲಿವ್ ಗ್ರೀನ್ 220, ಡಾರ್ಕ್ ಅಡ್ಮಿರಾಲ್ಟಿ ಗ್ರೇ 632. ಕೈಗಾರಿಕೆಯ ಪೇಂಟ್ ಮಾರುವವರಿಗೆ ಬಾಯಿಪಾಠ. ಮಾಡೆಲ್ ಕಟ್ಟುವವರಲ್ಲಿ ಎಷ್ಟು ಜನ ಆ ಪಟ್ಟಿ ತೆರೆದು ನೋಡಿದ್ದೀರಿ?

ಇನ್ನು ಅಸಲಿ ವಿಮಾನ ನೋಡಿ ಬರುತ್ತೇನೆ ಎಂದರೆ ಅಲ್ಲೂ ಮೋಸ. ಬಿಸಿಲಲ್ಲಿ ನಿಲ್ಲಿಸಿದ ವಿಮಾನಕ್ಕೆ ಕೆಲವು ವರ್ಷಕ್ಕೊಮ್ಮೆ, ಗೇಟಿಗೆ ಹೊಡೆಯುವ ಹೊಳೆಯುವ ಎನಾಮೆಲ್ಲೇ ಗತಿ. ಒಂದು ಕಡೆ ಹಳೆಯ ಪದರವನ್ನು ಉಜ್ಜಿ ಕಿತ್ತು ಹೊಸದು ಹಚ್ಚುವುದನ್ನು ಕಣ್ಣಾರೆ ಕಂಡೆ. ಕೀಳುವ ಮುಂಚೆ ರೂಪಾಯಿಯಗಲದ ಜಾಗವನ್ನು ಮೆಲ್ಲಗೆ ಉಜ್ಜಿದ್ದರೆ ಕೆಳಗಿನ ಪದರಗಳು ಮರದ ಉಂಗುರಗಳ ಹಾಗೆ ಕಾಣುತ್ತಿದ್ದವು. ಪಕ್ಕದಲ್ಲಿ ಐಎಸ್ 5ರ ಪಟ್ಟಿ ಹಿಡಿದು ಬಿಸಿಲಲ್ಲಿ ಒಂದು ಫೋಟೋ ಸಾಕಿತ್ತು. ಅಲ್ಲಿ ನಾನೂ ಇದ್ದೆ, ಕೈಯಲ್ಲಿ ಫೋನೂ ಇತ್ತು. ಮಾಡಿದ್ದು ಸೆಲ್ಫಿ.

ಹೊಸ ಡಬ್ಬಿ ತರಿಸುವುದನ್ನು ಈ ವರ್ಷ ನಿಲ್ಲಿಸಿದ್ದೇನೆ. ಆ ಹಿರಿಯರು ಭಾನುವಾರ ಮನೆಗೆ ಬರುತ್ತಾರೆ. ಒಂದು ನೋಟ್‌ಬುಕ್ ತುಂಬುತ್ತಾ ಬಂದಿದೆ. ಹೋದ ವಾರ ಮೂರು ಹಸಿರು ಕಲಸಿ ತಗಡಿನ ಮೇಲೆ ಬಳಿದು ಕೊಟ್ಟೆ. ಅವರು ಅದನ್ನು ಬಾಲ್ಕನಿಯ ಬಿಸಿಲಿಗೆ ಒಯ್ದು, ತುಂಬ ಹೊತ್ತು ತಿರುಗಿಸಿ ನೋಡಿ, "ಇನ್ನೂ ಸ್ವಲ್ಪ ಹಳದಿ ಬೇಕು" ಎಂದರು.