ಯಂತ್ರದ ಹಾಡು ಮತ್ತು ಹಾಡುವವರ ಹಕ್ಕು

ಹಾಡು ಕಟ್ಟುವ ಯಂತ್ರವೊಂದು ಈಚಿನ ವರ್ಷಗಳಲ್ಲಿ ನಮ್ಮ ನಡುವೆ ಬಂದು ನೆಲೆಸಿದೆ. ಬೇಕಾದ ಭಾವ, ತಾಳ, ವಾದ್ಯಗಳನ್ನು ನಾಲ್ಕು ಮಾತಿನಲ್ಲಿ ಬರೆದುಕೊಟ್ಟರೆ ಸಾಕು. ಕೆಲವೇ ನಿಮಿಷಗಳಲ್ಲಿ ಸಾಹಿತ್ಯ, ಮಟ್ಟು, ಹಿಮ್ಮೇಳ, ಹಾಡುವ ಕೊರಳು ಎಲ್ಲವೂ ಸಿದ್ಧವಾಗಿ ಕೈಸೇರುತ್ತವೆ. ಸುನೋ, ಯೂಡಿಯೋ ಎಂಬ ಸಾಧನಗಳು ಈ ಬಗೆಯವು. ಇವು ಶೂನ್ಯದಿಂದ ಹಾಡನ್ನು ಸೃಷ್ಟಿಸುವುದಿಲ್ಲ. ಮನುಷ್ಯರು ಹಾಡಿ, ನುಡಿಸಿ, ಮುದ್ರಿಸಿಟ್ಟ ಧ್ವನಿಯ ಅಪಾರ ರಾಶಿಯನ್ನು ಇವುಗಳಿಗೆ ಉಣಿಸಿ, ಯಾವ ನಾದದ ಬೆನ್ನಿಗೆ ಯಾವ ನಾದ ಬರುವುದು ಸಹಜವೆಂಬುದನ್ನು ಲೆಕ್ಕಹಾಕುವಂತೆ ಪಳಗಿಸಲಾಗಿದೆ. ಇದಕ್ಕೆ ಕೃತಕ ಬುದ್ಧಿಮತ್ತೆ ಎಂದು ಹೆಸರು. ಬುದ್ಧಿ ಯಂತ್ರದ್ದಿರಬಹುದು, ಉಂಡ ಅನ್ನ ಮಾತ್ರ ಮನುಷ್ಯರದು. ಆ ಅನ್ನಕ್ಕೆ ಯಾರ ಅಪ್ಪಣೆ ಪಡೆದಿರಿ ಎಂಬುದೇ ಇಂದು ಸಂಗೀತಗಾರರು ಕೇಳುತ್ತಿರುವ ಪ್ರಶ್ನೆ.

ಈ ಪ್ರಶ್ನೆಯನ್ನು ಅವರು ಹಲವು ಬಗೆಯಲ್ಲಿ ಕೇಳಿದ್ದಾರೆ. 2024ರ ಏಪ್ರಿಲ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಕಲಾವಿದರು ಬಹಿರಂಗ ಪತ್ರವೊಂದಕ್ಕೆ ಸಹಿ ಹಾಕಿದರು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ದೊಡ್ಡ ಧ್ವನಿಮುದ್ರಣ ಸಂಸ್ಥೆಗಳು ಸುನೋ ಮತ್ತು ಯೂಡಿಯೋಗಳನ್ನು ನ್ಯಾಯಾಲಯಕ್ಕೆ ಎಳೆದವು. 2025ರ ಕೊನೆಯ ಹೊತ್ತಿಗೆ ಅವುಗಳಲ್ಲಿ ಕೆಲವು ರಾಜಿಯಾಗಿ ಒಡಂಬಡಿಕೆಯನ್ನೂ ಮಾಡಿಕೊಂಡವು. 2025ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸಾವಿರಕ್ಕೂ ಹೆಚ್ಚು ಸಂಗೀತಗಾರರು ಕೂಡಿ ಹೊರತಂದ ಧ್ವನಿಸಂಪುಟದಲ್ಲಿ ಹಾಡೇ ಇರಲಿಲ್ಲ. ಬರಿದಾದ ಧ್ವನಿಮುದ್ರಣ ಕೊಠಡಿಗಳ ನಿಶ್ಶಬ್ದವನ್ನೇ ಹನ್ನೆರಡು ಭಾಗಗಳಾಗಿ ಮುದ್ರಿಸಿದ್ದರು. ನಮ್ಮ ದೇಶದಲ್ಲಿ ಅರಿಜಿತ್ ಸಿಂಗ್ ಅವರ ಕೊರಳನ್ನು ಯಂತ್ರದಿಂದ ಅನುಕರಿಸುವುದಕ್ಕೆ 2024ರ ಜುಲೈನಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ಮಧ್ಯಂತರ ತಡೆ ನೀಡಿತು. ದಿವಂಗತ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಅನುಮತಿಯಿಲ್ಲದೆ ಬಳಸಿದರೆಂದು ತೆಲುಗು ಚಿತ್ರವೊಂದರ ತಯಾರಕರಿಗೆ ಅವರ ಪುತ್ರರು ನೋಟೀಸು ಕಳುಹಿಸಿದರು. ಇದಕ್ಕೆ ಬೇರೆ ಮಾದರಿಯೂ ಉಂಟು. 2024ರಲ್ಲಿ ಎ.ಆರ್. ರೆಹಮಾನ್ ಅವರು ತೀರಿಕೊಂಡ ಇಬ್ಬರು ಗಾಯಕರ ಕೊರಳನ್ನು ತಮಿಳು ಹಾಡೊಂದರಲ್ಲಿ ಯಂತ್ರದ ನೆರವಿನಿಂದ ಕೇಳಿಸಿದಾಗ, ಆ ಮನೆಯವರ ಒಪ್ಪಿಗೆ ಪಡೆದು ಸಂಭಾವನೆ ನೀಡಿರುವುದಾಗಿ ತಿಳಿಸಿದರು.

ಯಂತ್ರವನ್ನು ಕಂಡು ಸಂಗೀತಗಾರರು ಬೆಚ್ಚುವುದು ಇದೇ ಮೊದಲಲ್ಲ. ಗ್ರಾಮಫೋನು ಬಂದ ಹೊಸದರಲ್ಲಿ, 1906ರಷ್ಟು ಹಿಂದೆಯೇ, ಅಮೆರಿಕದ ಸೂಸಾ ಎಂಬ ಸಂಗೀತಕಾರ ಅದರ ವಿರುದ್ಧ ಲೇಖನ ಬರೆದ. 1942ರಲ್ಲಿ ಅಲ್ಲಿನ ವಾದ್ಯಗಾರರ ಸಂಘ ಧ್ವನಿಮುದ್ರಣಕ್ಕೇ ಬಹಿಷ್ಕಾರ ಹಾಕಿ ಎರಡು ವರ್ಷ ಹೋರಾಡಿತು. ನಮ್ಮ ಆಕಾಶವಾಣಿಯು ಹಾರ್ಮೋನಿಯಂ ಪೆಟ್ಟಿಗೆಯನ್ನು 1940ರಿಂದ ಸುಮಾರು ಮೂರು ದಶಕಗಳ ಕಾಲ ದೂರವಿಟ್ಟಿತ್ತು. ಆ ಭೀತಿಗಳಲ್ಲಿ ಎಷ್ಟೋ ಸುಳ್ಳಾದವು. ಆದುದರಿಂದ ಈಗಿನ ಭೀತಿಯೂ ತಾನಾಗಿ ಅಡಗುವುದೆಂದು ಹೇಳುವವರಿದ್ದಾರೆ. ಅವರು ಒಂದು ವ್ಯತ್ಯಾಸವನ್ನು ಗಮನಿಸಿದಂತಿಲ್ಲ. ಗ್ರಾಮಫೋನು ತಟ್ಟೆಗೆ ಹಾಡುವವನೊಬ್ಬ ಬೇಕಾಗಿತ್ತು; ತಟ್ಟೆಯ ಮೇಲೆ ಅವನ ಹೆಸರು ಇರುತ್ತಿತ್ತು. ಈ ಹೊಸ ಯಂತ್ರಕ್ಕೆ ಹಿಂದೆ ಹಾಡಿದ್ದವರು ಸಾಕು, ಇಂದು ಹಾಡುವವರು ಬೇಡ. ಹೆಸರಂತೂ ಯಾರದೂ ಬೇಡ.

ಮೇಲೆ ಹೇಳಿದ ಉತ್ತರಗಳಿಗೆಲ್ಲ ತಳಹದಿಯಾದ ನಂಬಿಕೆಯೊಂದಿದೆ: ಹಾಡಿಗೆ ಒಬ್ಬ ಒಡೆಯನಿರುತ್ತಾನೆ, ಅವನಿಗೊಂದು ಹೆಸರಿರುತ್ತದೆ, ಅವನ ಪರವಾಗಿ ವಾದಿಸಲು ವಕೀಲರಿರುತ್ತಾರೆ ಎಂಬುದು. ಈ ನಂಬಿಕೆಯನ್ನು ಹಿಡಿದು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಬಂದು ನಿಂತರೆ ಅದು ಎಷ್ಟು ಕಿರಿದಾದುದೆಂಬುದು ಹೊಳೆಯುತ್ತದೆ. ಕನ್ನಡದ ಎರಡು ದೊಡ್ಡ ಮೌಖಿಕ ಕಾವ್ಯಗಳು ಬಾಳಿ ಬಂದಿರುವ ನೆಲ ಇದು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟವನ್ನು ನಡುವಿಟ್ಟುಕೊಂಡು ಮಾದೇಶ್ವರನ ಕಥೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ನೆಲೆಸಿದ ಸಿದ್ಧಪ್ಪಾಜಿಯ ಕಥೆಯನ್ನು, ಅವನ ಗುರು ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ತಂಬೂರಿ, ದಮ್ಮಡಿ, ಗಗ್ಗರಗಳೊಡನೆ ಹಾಡುತ್ತಾರೆ. ಇವರು ಬಹುಮಟ್ಟಿಗೆ ಕೂಲಿ, ಬೇಸಾಯಗಳಿಂದ ಬದುಕುವ ಜನ. ಇವರಿಗೆ ಸಹಿ ಹಾಕಲು ಬಹಿರಂಗ ಪತ್ರ ಬರಲಿಲ್ಲ. ಇವರ ಪರವಾಗಿ ಯಾವ ಕಂಪೆನಿಯೂ ದಾವೆ ಹೂಡಲಿಲ್ಲ.

ಈ ಕಾವ್ಯಗಳು ಸಾಲುಗಳಾಗಿ ವಿಂಗಡವಾಗಿವೆ. ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು ಎಂದು ಒಂದೊಂದೂ ಒಂದೊಂದು ಕಥೆ. ಮುಂದಾಳು ಹಾಡುತ್ತಾನೆ, ಹಿಂದಿನವರು ಸೊಲ್ಲೆತ್ತುತ್ತಾರೆ. ಕೇಳುವವರ ಇಷ್ಟ, ರಾತ್ರಿಯ ಉದ್ದ, ಹಾಡುವವನ ಹುರುಪು ಇವುಗಳಿಗೆ ತಕ್ಕಂತೆ ಕಥೆ ಹಿಗ್ಗುತ್ತದೆ, ಕುಗ್ಗುತ್ತದೆ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಮಾದೇಶ್ವರ ಕಾವ್ಯವನ್ನು ಪುಸ್ತಕವಾಗಿ ತಂದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಇವೆರಡೂ ಬೇರೆ ಬೇರೆ ಪಾಠಗಳು. ಎರಡೂ ಸರಿಯಾದ ಪಾಠಗಳೇ.

ಇಲ್ಲಿ ಜಾಣ ವಾದಿಯೊಬ್ಬ ಎದ್ದು ಕೇಳಬಹುದು: ಗುಡ್ಡನು ಮಾಡುವುದಾದರೂ ಏನು? ಹಿಂದಿನವರಿಂದ ಕೇಳಿದ ನುಡಿಗಟ್ಟುಗಳನ್ನೇ ಹೊಸದಾಗಿ ಜೋಡಿಸಿ ಹಾಡುತ್ತಾನೆ; ಅವನೂ ಯಾರಿಗೂ ರಾಯಧನ ಕೊಟ್ಟಿಲ್ಲ; ಯಂತ್ರವೂ ಅದನ್ನೇ ಮಾಡಿದರೆ ತಪ್ಪೇನು? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸರಿಯಲ್ಲ. ಉತ್ತರ ಕೊಡದಿದ್ದರೆ ನಮ್ಮ ಆಕ್ಷೇಪಣೆಗೆ ಬೆಲೆಯಿಲ್ಲ.

ಗುಡ್ಡನಿಗೆ ಹಾಡು ಪುಕ್ಕಟೆಯಾಗಿ ಬಂದುದಲ್ಲವೆಂಬುದೇ ಇದಕ್ಕೆ ನಾನು ಕೊಡುವ ಉತ್ತರ. ಅವನು ಗುರುವಿನಿಂದ ದೀಕ್ಷೆ ಪಡೆದಿದ್ದಾನೆ. ಕಂಸಾಳೆ, ಜೋಳಿಗೆ, ರುದ್ರಾಕ್ಷಿಗಳನ್ನು ಹೊತ್ತಿದ್ದಾನೆ. ಭಿಕ್ಷೆ ಬೇಡುವ ವ್ರತವನ್ನು ಒಪ್ಪಿಕೊಂಡಿದ್ದಾನೆ. ವರ್ಷಗಟ್ಟಲೆ ಹಿರಿಯರ ಹಿಂದೆ ನಿಂತು ಸೊಲ್ಲು ಹೇಳಿದ ಮೇಲೆ ಅವನಿಗೆ ಮುಂದಾಳ ಸ್ಥಾನ ದೊರೆತಿದೆ. ಹಾಡಿನ ಮೊದಲಲ್ಲಿ ದೇವರನ್ನೂ ಗುರುವನ್ನೂ ನೆನೆಯುತ್ತಾನೆ. ಹರಕೆ ಹೊತ್ತ ಮನೆಯ ಅಂಗಳದಲ್ಲಿ, ಆ ಮನೆಯವರ ಕಣ್ಣೆದುರಿಗೆ ಹಾಡುತ್ತಾನೆ. ಕಥೆ ತಪ್ಪಿದರೆ ತಿದ್ದುವ ಮುದುಕ ಮುದುಕಿಯರು ಅಲ್ಲೇ ಕುಳಿತಿರುತ್ತಾರೆ. ಪಡೆದುದಕ್ಕೆ ಪ್ರತಿಯಾಗಿ ಅವನು ಕೊಟ್ಟುದು ಹಣವಲ್ಲ, ತನ್ನ ಬದುಕಿನ ಒಂದು ಭಾಗ. ಹಾಡು ಅವನ ಸ್ವತ್ತಲ್ಲ ನಿಜ. ಆದರೆ ಅವನು ಹಾಡಿಗೆ ಹೊಣೆಗಾರ. ಯಂತ್ರವು ಯಾರಿಗೆ ಹೊಣೆ? ಅದು ಸಂಕಮ್ಮನ ಕಥೆಯನ್ನು ತಿರುಚಿ ಹಾಡಿದರೆ ತಿದ್ದುವ ಮುದುಕಿ ಎಲ್ಲಿ ಕುಳಿತಿದ್ದಾಳೆ?

ಯಂತ್ರವನ್ನು ಈ ಸೀಮೆಯ ಹಾಡುಗಾರರು ಎಂದೂ ದ್ವೇಷಿಸಿದವರಲ್ಲವೆಂಬುದನ್ನೂ ಹೇಳಬೇಕು. ಕ್ಯಾಸೆಟ್ಟುಗಳ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿಯವರ ತಂಬೂರಿ ಪದಗಳು ಊರೂರಿನ ಚಹದ ಅಂಗಡಿಗಳಲ್ಲಿ ಮೊಳಗಿದವು; ಗಾಯಕರ ಹೆಸರು ಪದದೊಡನೆಯೇ ನಡೆಯಿತು. ಚಲನಚಿತ್ರದ ನಂಟು ಇಷ್ಟು ಸರಳವಲ್ಲ. ಮಾದೇವನನ್ನು ಕುರಿತ ‘ಸೋಜುಗಾದ ಸೂಜುಮಲ್ಲಿಗೆ’ ಎಂಬ ಜನಪದ ಗೀತೆ 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಬಂದ ಮೇಲೆ ಕನ್ನಡ ಬಾರದವರ ಬಾಯಲ್ಲೂ ನಲಿಯಿತು. ಸಂತೋಷವೇ. ಆದರೆ ಅದನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಕೊರಳುಗಳ ವಿಷಯವನ್ನು ಕೇಳುಗರಲ್ಲಿ ಎಷ್ಟು ಮಂದಿ ವಿಚಾರಿಸಿದರು? ‘ಜನಪದ’ ಎಂಬ ಒಂದು ಪದದಲ್ಲಿ ಎಲ್ಲರ ಹೆಸರೂ ಅಡಗಿಹೋಗುತ್ತದೆ. ನಾಳೆ ಯಂತ್ರವು ಗಂಟೆಗೆ ನೂರು ಮಾದಪ್ಪನ ಪದಗಳನ್ನು ಹೊಸೆದು ಹಾಕಿದಾಗ ಆ ಮರೆವು ಪೂರ್ಣವಾಗುತ್ತದೆ.

ಕಾನೂನು ಏನನ್ನುತ್ತದೆ? 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆ ಕರ್ತೃವನ್ನು ಹುಡುಕುತ್ತದೆ. ಮಾದೇಶ್ವರನ ಕಾವ್ಯಕ್ಕೆ ಅಂಥ ಒಬ್ಬ ಕರ್ತೃವಿಲ್ಲ. ಪ್ರದರ್ಶಕನ ಹಕ್ಕು ಎಂಬುದೊಂದುಂಟು. ಅದರ ವ್ಯಾಖ್ಯೆಯಲ್ಲಿ ಗಾಯಕನೊಡನೆ ದೊಂಬರಾಟದವನನ್ನೂ ಹಾವಾಡಿಗನನ್ನೂ ಸೇರಿಸಿರುವುದು ಶಾಸನಕಾರರ ಉದಾರತೆಗೆ ಸಾಕ್ಷಿ. ಗುಡ್ಡನಿಗೂ ನೀಲಗಾರನಿಗೂ ಈ ಹಕ್ಕು ಸಲ್ಲುತ್ತದೆ. ಆದರೆ ಅದು ಕಾಯಿದೆಗೆ ಬಂದದ್ದೇ 1994ರ ತಿದ್ದುಪಡಿಯಿಂದ. ನಮ್ಮ ಜಾನಪದ ವಿದ್ವಾಂಸರು ಹಳ್ಳಿ ಹಳ್ಳಿ ತಿರುಗಿ ಹಾಡುಗಳನ್ನು ಕಲೆಹಾಕಿದ ಮಹತ್ತ್ವದ ವರ್ಷಗಳು ಅದಕ್ಕೂ ಹಿಂದಿನವು. ಇನ್ನು 2025ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಇಲಾಖೆಯೊಂದು ಪ್ರಕಟಿಸಿದ ಪ್ರಸ್ತಾವವನ್ನು ನೋಡಿ. ಯಂತ್ರಗಳ ತರಬೇತಿಗೆ ಕೃತಿಗಳನ್ನು ಬಳಸಲು ಕಡ್ಡಾಯ ಪರವಾನಗಿ ಇರಲಿ, ಪ್ರತಿಯಾಗಿ ರಾಯಧನವನ್ನು ಕೇಂದ್ರೀಯ ಸಂಸ್ಥೆಯೊಂದು ವಸೂಲು ಮಾಡಿ ಹಂಚಲಿ ಎಂಬುದು ಅದರ ತಿರುಳು. ಹಂಚುವುದು ಒಳ್ಳೆಯದೇ. ಆದರೆ ಪಟ್ಟಿಯಲ್ಲಿ ಹೆಸರಿದ್ದವನಿಗೆ ಪಾಲು. ಹೆಸರೇ ಇಲ್ಲದ ಹಾಡಿನ ಪಾಲು ಯಾರಿಗೆ? ಮೇಲಾಗಿ, ಕಡ್ಡಾಯ ಪರವಾನಗಿಯೆಂದರೆ ‘ಒಲ್ಲೆ’ ಎನ್ನುವ ಅಧಿಕಾರ ಹಾಡುವವರ ಕೈಬಿಟ್ಟುಹೋದಂತೆಯೇ ಸರಿ.

ಒಬ್ಬನಿಗೆ ಸೇರದ ವಸ್ತುವಿನ ಮೇಲೆ ಸಮುದಾಯಕ್ಕೆ ಹಕ್ಕು ಕೊಡುವುದು ಆಗದ ಮಾತೆಂದು ಹೇಳುವವರು ಯಳಂದೂರಿನ ಕಡೆ ಕಣ್ಣು ಹಾಯಿಸಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಎಷ್ಟೋ ತಲೆಮಾರುಗಳಿಂದ ಆ ಕಾಡಿನ ಜೇನು, ನೆಲ್ಲಿ, ಪಾಚಿಗಳನ್ನು ನೆಚ್ಚಿ ಬದುಕಿದವರು. ಜೇನು ಯಾವ ಒಬ್ಬ ಸೋಲಿಗನದೂ ಅಲ್ಲ. ಆದರೂ 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ದೊರೆಯಿತು, ಅದೂ ಹುಲಿ ರಕ್ಷಿತಾರಣ್ಯವೊಂದರೊಳಗೆ. ಕಾಪಾಡಿಕೊಂಡು ಬಂದವರಿಗೆ ಬಳಸುವ ಹಕ್ಕು, ಬಳಸುವವರಿಗೆ ಕಾಪಾಡುವ ಹೊಣೆ ಎಂಬುದು ಅದರ ನ್ಯಾಯ. ಜೇನಿಗೆ ಸಂದ ನ್ಯಾಯ ಹಾಡಿಗೇಕೆ ಸಲ್ಲಬಾರದು? ಸೋಲಿಗರ ಗೊರುಕನ ಹಾಡೂ ಆ ಜೇನಿನಂತೆ ಕಾಡಿನಲ್ಲೇ ಕೂಡಿಟ್ಟದ್ದಲ್ಲವೆ?

ಇದರಿಂದ ಹೊರಡುವ ಕರ್ತವ್ಯಗಳು ಮೂರು. ವಿಶ್ವವಿದ್ಯಾಲಯಗಳೂ ಬಾನುಲಿ ಕೇಂದ್ರಗಳೂ ಅಕಾಡೆಮಿಗಳೂ ತಮ್ಮಲ್ಲಿರುವ ಹಳೆಯ ಧ್ವನಿಮುದ್ರಿಕೆಗಳನ್ನು, ಹಾಡಿದವರ ಅಥವಾ ಅವರ ಮನೆತನ, ಮಠ, ಮೇಳಗಳ ಒಪ್ಪಿಗೆಯಿಲ್ಲದೆ ಯಾವ ಯಂತ್ರಕ್ಕೂ ಉಣಿಸಕೂಡದು. ಎರಡನೆಯದಾಗಿ, ಮುದ್ರಿಕೆಯೊಡನೆ ಹಾಡಿದವರ ಹೆಸರು, ಊರು, ಗುರುವಿನ ಹೆಸರು ನಡೆಯಬೇಕು. ಲಾಭ ಬಂದಲ್ಲಿ ಅದರ ಪಾಲು ಎಳೆಯ ಗುಡ್ಡರನ್ನೂ ನೀಲಗಾರರನ್ನೂ ತಯಾರುಮಾಡಲು ಸಲ್ಲಬೇಕು. ಒಪ್ಪಿಗೆ ಪಡೆದ ಮೇಲೆ ಯಂತ್ರದಿಂದ ಉಪಕಾರವೂ ಆದೀತು. ಸವೆದ ಟೇಪಿನ ಗೊರಗೊರ ಶಬ್ದವನ್ನು ಕಳೆದು ಅಜ್ಜನ ಕೊರಳನ್ನು ಮೊಮ್ಮಗನಿಗೆ ತಿಳಿಯಾಗಿ ಕೇಳಿಸುವುದು ಪುಣ್ಯದ ಕೆಲಸವೇ ಸರಿ.

ಮೂರನೆಯ ಕರ್ತವ್ಯ ಸರ್ಕಾರದ್ದಲ್ಲ, ನಮ್ಮದು. ಹಾಡುವವನ ಶತ್ರು ಯಂತ್ರವೊಂದೇ ಅಲ್ಲ. ಅವನನ್ನು ಕರೆಯದ ಮನೆಯೂ ಹೌದು. ಹರಕೆಯ ರಾತ್ರಿಗೆ ಮೇಳವನ್ನು ಕರೆಸುವ ಬದಲು ಧ್ವನಿವರ್ಧಕವೊಂದನ್ನು ಬಾಡಿಗೆಗೆ ತಂದರೆ, ಅದರೊಳಗೆ ಹಾಡುವುದು ಮನುಷ್ಯನೋ ಯಂತ್ರವೋ ಎಂಬ ಭೇದ ಬಹಳ ದಿನ ಉಳಿಯದು. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಜನವರಿಯಲ್ಲಿ ಚಿಕ್ಕಲ್ಲೂರು ಜಾತ್ರೆಗೆ ಹೋಗಲಿ. ಶಾಲೆಯ ವಾರ್ಷಿಕೋತ್ಸವಕ್ಕೆ ಕಂಸಾಳೆಯ ಮೇಳವನ್ನು ಕರೆಸಿ, ಕೈತುಂಬ ಸಂಭಾವನೆ ಕೊಟ್ಟು, ಹಾಡಿದವರ ಹೆಸರನ್ನು ಆಹ್ವಾನಪತ್ರಿಕೆಯಲ್ಲಿ ಮುದ್ರಿಸಲಿ.

ಮಂಟೇಸ್ವಾಮಿಯ ಕಥೆಯಲ್ಲಿ ಒಂದು ಪ್ರಸಂಗವಿದೆ. ಗುರುವಿಗೆ ಕಬ್ಬಿಣ ಬೇಕಾಗುತ್ತದೆ. ಅದನ್ನು ತರಲು ಹಲಗೂರಿನ ಪಾಂಚಾಳರ ಬಳಿಗೆ ಸಿದ್ಧಪ್ಪಾಜಿಯನ್ನು ಕಳುಹಿಸುತ್ತಾನೆ. ಪವಾಡ ಮಾಡಬಲ್ಲ ಗುರು ಕಬ್ಬಿಣವನ್ನು ಸೆಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಭಿಕ್ಷೆಯಾಗಿ ಕೇಳಿಸುತ್ತಾನೆ. ಶಿಷ್ಯ ಹೋಗಿ ಬಾಗಿಲಲ್ಲಿ ನಿಂತು ಕೇಳುತ್ತಾನೆ, ಕುಲುಮೆಯವರು ಒಡ್ಡಿದ ಕಠಿಣ ಪರೀಕ್ಷೆಗಳನ್ನೆಲ್ಲ ಎದುರಿಸುತ್ತಾನೆ. ದುಡಿದವರ ಕೈಯಲ್ಲಿರುವುದನ್ನು ಕೇಳಿ ಪಡೆಯಬೇಕೆಂಬ ಮರ್ಯಾದೆಯನ್ನು ಆ ಕಥೆಯೇ ನಮಗೆ ಕಲಿಸಿಕೊಟ್ಟಿದೆ. ಹಾಡಿನ ಯಂತ್ರಗಳನ್ನು ಕಟ್ಟುವ ಶ್ರೀಮಂತರಿಂದ, ಅವರಿಗೆ ಪರವಾನಗಿ ಕೊಡಲು ಹೊರಟ ಸರ್ಕಾರದಿಂದ ನಾವು ನಿರೀಕ್ಷಿಸುವುದೂ ಅಷ್ಟೇ ಮರ್ಯಾದೆಯನ್ನು. ಅವರು ಮೊದಲು ಹಾಡುವವರ ಬಾಗಿಲಿಗೆ ಬಂದು ಕೇಳಲಿ.