ನಕ್ಷತ್ರಕ್ಕಿಂತ ಮೊದಲು ಗಂಟೆ ಎಣಿಸೋಣ



ಬಳ್ಳಾರಿಯ ಬೇಸಿಗೆಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಹಗಲಿಡೀ ಕಾದ ತಾರಸಿ ಮಧ್ಯರಾತ್ರಿಯವರೆಗೂ ಮನೆಯೊಳಗೆ ಝಳ ಸುರಿಸುತ್ತಲೇ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಮಗ ತನ್ನ ಅಜ್ಜಿಗಾಗಿ ಒಂದೂವರೆ ಟನ್ನಿನ ಎ.ಸಿ. ಹಾಕಿಸಿಕೊಟ್ಟ. ನನ್ನ ತಾಯಿಯವರಿಗೆ ಆಗ ಎಂಬತ್ತಾರು ವರ್ಷ. ಆದರೆ ಮೂರು ವಾರ ಆ ಯಂತ್ರ ಗೋಡೆಯ ಅಲಂಕಾರವಾಗಿಯೇ ಉಳಿಯಿತು. "ಬ್ಯಾಡಪ್ಪಾ, ಬಿಲ್ಲು ಭಾಳ ಬರ್ತದ" ಎನ್ನುತ್ತಿದ್ದರು ತಾಯಿ. ನಾನೂ ಹೂಂಗುಟ್ಟಿ, ಒದ್ದೆ ಟವೆಲ್ ಹೊದಿಸಿ ಸುಮ್ಮನಾಗುತ್ತಿದ್ದೆ. ಒಂದು ರಾತ್ರಿ ಅವರು ತಲೆಸುತ್ತಿ ಮಂಚದ ಪಕ್ಕದಲ್ಲೇ ಕುಸಿದರು. "ಎ.ಸಿ. ಇಟ್ಟುಕೊಂಡು ಹೀಗೇಕೆ ಮೇಷ್ಟ್ರೇ?" ಎಂದು ವೈದ್ಯರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟವನು ಲೆಕ್ಕವನ್ನೇ ಮಾಡದೆ ಹೆದರಿದ್ದೆ!

ಮರುದಿನ ಕನ್ನಡಕ ಹಾಕಿಕೊಂಡು ಯಂತ್ರದ ಮೇಲಿನ ನಕ್ಷತ್ರಗಳ ಚೀಟಿಯನ್ನು ಓದಿದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ 2006ರಲ್ಲಿ ಆರಂಭಿಸಿದ ಪದ್ಧತಿ ಇದು. ನಮ್ಮದು ಮೂರು ನಕ್ಷತ್ರದ ಯಂತ್ರ. ವರ್ಷಕ್ಕೆ ಸುಮಾರು 1000 ಯೂನಿಟ್ ಎಂದಿತ್ತು. ಆ ಸಂಖ್ಯೆಯೇ ನಮ್ಮನ್ನು ಬೆಚ್ಚಿಬೀಳಿಸುವುದು. ಆದರೆ ಅದು ವರ್ಷಕ್ಕೆ 1600 ಗಂಟೆ ಓಡಿಸಿದರೆ ಆಗುವ ಖರ್ಚು. ಹಾಗಾದರೆ ಗಂಟೆಗೆ ಎಷ್ಟು? 1000ವನ್ನು 1600ರಿಂದ ಭಾಗಿಸಿದರೆ 0.625 ಯೂನಿಟ್. ರಾತ್ರಿ ಎಂಟು ಗಂಟೆಗೆ 5 ಯೂನಿಟ್. ತೆರಿಗೆ ಇತ್ಯಾದಿ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೆ ಒಂದು ರಾತ್ರಿಗೆ 35 ರೂಪಾಯಿ. ಮೂವತ್ತೈದು ರೂಪಾಯಿಗಾಗಿ ಹೆತ್ತ ತಾಯಿಯನ್ನು ಬೇಯಿಸಿದೆನಲ್ಲಾ ಎಂದು ನಾಚಿಕೆಯಾಯಿತು.

ಲೆಕ್ಕ ಇಲ್ಲಿಗೇ ಮುಗಿಯದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಮನೆಯ ಉಳಿದ ಬಳಕೆ 80 ಯೂನಿಟ್. ಅದಕ್ಕೆ ಎ.ಸಿ.ಯ 150 ಸೇರಿದರೆ 230. ಹಾಗಾಗಿ ನಿಜವಾದ ಹೊರೆ ಎ.ಸಿ.ಯ 1,050 ರೂಪಾಯಿ ಮಾತ್ರವಲ್ಲ, ಇಡೀ 230 ಯೂನಿಟ್ಟಿನ 1,610 ರೂಪಾಯಿ. ವರ್ಷಕ್ಕೆ 770 ಯೂನಿಟ್ ಎಂದು ಬರೆದಿರುವ ಐದು ನಕ್ಷತ್ರದ ಯಂತ್ರವಾಗಿದ್ದರೆ ತಿಂಗಳಿಗೆ ಸುಮಾರು 115, ಒಟ್ಟು 195. ಗಡಿಯ ಒಳಗೇ ಉಳಿಯಬಹುದಿತ್ತು. ಆದರೆ ಐದೇ ಯೂನಿಟ್ಟಿನ ಅಂತರವನ್ನು ಸೆಖೆಯ ಒಂದು ವಾರವೇ ನುಂಗಿಹಾಕೀತು. ಚೀಟಿಯ ಸಂಖ್ಯೆ ವಿವಿಧ ತಾಪಮಾನಗಳ ಸರಾಸರಿಯೇ ಹೊರತು ನಮ್ಮ ಮೇ ತಿಂಗಳಿನದಲ್ಲ.

ಆದ್ದರಿಂದ, ಐದು ನಕ್ಷತ್ರ ಯಾವಾಗಲೂ ಲಾಭ ಎಂಬ ಅಂಗಡಿಯವರ ಮಾತನ್ನು ನಾನು ಒಪ್ಪಲಾರೆ. ಗೃಹಜ್ಯೋತಿಯ ಗಡಿ ಹೇಗಿದ್ದರೂ ದಾಟುವ ಮನೆಯವರು ವರ್ಷಕ್ಕೆ ಅರವತ್ತು ರಾತ್ರಿ ಮಾತ್ರ ಎ.ಸಿ. ಹಾಕಿದರೆ, ಈ ಎರಡು ಯಂತ್ರಗಳ ನಡುವೆ ಉಳಿಯುವುದು 69 ಯೂನಿಟ್, ಅಂದರೆ 483 ರೂಪಾಯಿ. ಬೆಲೆಯಲ್ಲಿ 8,000 ರೂಪಾಯಿ ಹೆಚ್ಚು ಕೊಟ್ಟಿದ್ದರೆ ಅದು ಮರಳಲು ಹದಿನಾರು ವರ್ಷ ದಾಟಬೇಕು! ದಿನವಿಡೀ ಓಡಿಸುವ ಅಂಗಡಿಗೋ ಕಚೇರಿಗೋ ಅದೇ ಹಣ ಬಹು ಬೇಗ ಮರಳೀತು. ನಕ್ಷತ್ರ ಯಂತ್ರದ ಗುಣವನ್ನು ಹೇಳುತ್ತದೆ. ನಮ್ಮ ಮನೆಯ ಖರ್ಚನ್ನು ಹೇಳುವುದಿಲ್ಲ. ಆ ನಕ್ಷತ್ರವೂ ಸ್ಥಿರವಲ್ಲ. 2018ರಲ್ಲಿ 4.5 ದಕ್ಷತೆಗೆ ಐದು ನಕ್ಷತ್ರ ಸಿಗುತ್ತಿತ್ತು. 2022ರ ಜುಲೈನಿಂದ ಅದಕ್ಕೆ 5.0 ಬೇಕಾಯಿತು. ಹಳೆಯ ಯಂತ್ರವನ್ನು ಹೊಸದರೊಡನೆ ಹೋಲಿಸುವಾಗ ನಕ್ಷತ್ರ ಬಿಟ್ಟು ಅಂಕಿಯನ್ನೇ ನೋಡಿರಿ.

ನನ್ನ ಬಿನ್ನಹ ಇಷ್ಟೆ. ಚೀಟಿಯ ಮೇಲೆ ಒಂದು ಗಂಟೆಗೆ ಎಷ್ಟು ಯೂನಿಟ್ ಎಂಬುದನ್ನು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿಯೂ ಮುದ್ರಿಸಬೇಕು. ನಮ್ಮ ಮನೆಯ ಚೀಟಿಯಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಎಂಟನೆಯ ತರಗತಿಯ ಗಣಿತದಲ್ಲಿ ತೊಟ್ಟಿ ತುಂಬುವ ನಲ್ಲಿಗಳ ಜೊತೆಗೆ ಇಂಥ ಲೆಕ್ಕವೊಂದೂ ಇರಲಿ. ಅಧ್ಯಾಪಕರಾಗಿರುವ ನನ್ನ ಶಿಷ್ಯರು ಅದಕ್ಕಾಗಿ ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ. ಮಕ್ಕಳಿಗೆ ಮನೆಯ ಬಿಲ್ಲನ್ನೇ ತರಲು ಹೇಳಿದರೆ ಸಾಕು.

ತಿಳಿಯದ ಖರ್ಚು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಾಗೆ ಹೆದರಿ ಸೆಖೆಯಲ್ಲಿ ನರಳುವವರು ಸಾಮಾನ್ಯವಾಗಿ ಮನೆಯ ಹಿರಿಯರೇ. ಮಕ್ಕಳ ಹಣ ಉಳಿಯಲೆಂದು ಅವರು ಬಾಯಿಬಿಟ್ಟು ಕೇಳುವುದಿಲ್ಲ. ನಮ್ಮ ತಾಯಿಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅಷ್ಟೇ ಏನಪ್ಪಾ? ಮೊದಲೇ ಹೇಳಬಾರದಿತ್ತೇನು?" ಆ ರಾತ್ರಿ ಅವರು ಬೆಳಗಿನ ಐದರವರೆಗೂ ನಿದ್ದೆ ಮಾಡಿದರು.

ಈ ಬೇಸಿಗೆಗೆ ಮುನ್ನ ನಿಮ್ಮ ಮನೆಯ ಚೀಟಿಯನ್ನೊಮ್ಮೆ ಓದಿರಿ. ನನ್ನ ಲೆಕ್ಕದಲ್ಲಿ ತಪ್ಪು ಕಂಡರೆ, ಹಿಂದೆ ತರಗತಿಯಲ್ಲಿ ತಿದ್ದುತ್ತಿದ್ದಂತೆಯೇ, ಸಂಕೋಚವಿಲ್ಲದೆ ತಿದ್ದಿರಿ.