ಎರಡನೇ ಸರ್ವರ್ ಇದೆಯಂತೆ, ಅದನ್ನು ಕಾಯುವವರು ಯಾರು?



ನಾನು ಮಿಲ್ಪಿಟಾಸಿನಲ್ಲಿ ಕೂತು ಹೊಟ್ಟೆಪಾಡಿಗೆ ಡೇಟಾಬೇಸ್ ಕಾಯುವವನು. ಈ ಪತ್ರ ಓದುವ ನಿಮ್ಮಲ್ಲೂ ಅದೇ ಕಸುಬಿನವರು ಬಹಳ ಮಂದಿ ಇದ್ದೀರಿ. ನಮಗೆಲ್ಲ ಗೊತ್ತಿರುವ ಒಂದು ಮಾತನ್ನು ನಮ್ಮ ನಾಡಿನ ವಿಷಯಕ್ಕೆ ಹಚ್ಚಿ ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಮಾತು ಇಷ್ಟೇ: ಕಾಯದೇ ಬಿಟ್ಟ ಸ್ಟ್ಯಾಂಡ್‌ಬೈ ಸರ್ವರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಿಜ ಹೇಳಬೇಕೆಂದರೆ ಇಲ್ಲದಿರುವುದೇ ವಾಸಿ. ಇಲ್ಲ ಅಂತ ಗೊತ್ತಿದ್ದರೆ ಎಚ್ಚರವಾದರೂ ಇರುತ್ತೇವೆ.

ಬೇರೆ ಕಸುಬಿನ ಗೆಳೆಯರಿಗಾಗಿ ಎರಡು ಸಾಲು. ಪ್ರೈಮರಿ ಸರ್ವರ್ ಬರೆದದ್ದನ್ನೆಲ್ಲ ಸ್ಟ್ಯಾಂಡ್‌ಬೈ ಹಿಂದೆಯೇ ನಕಲು ಮಾಡಿಕೊಳ್ಳುತ್ತಾ ಬರುತ್ತದೆ. ಮೊದಲನೆಯದು ಬಿದ್ದರೆ ಎರಡನೆಯದು ಅದರ ಜಾಗಕ್ಕೆ ಬರಬೇಕು. ಆದರೆ ನಕಲು ಎಷ್ಟು ಹಿಂದೆ ಬಿದ್ದಿದೆ ಅನ್ನುವುದನ್ನು ಅಳೆಯುವುದರಲ್ಲೇ ಮೋಸ ಇದೆ. ಮೈಎಸ್‌ಕ್ಯೂಎಲ್ ಈ ಅಂತರವನ್ನು ಸೆಕೆಂಡುಗಳಲ್ಲಿ ಹೇಳುತ್ತದೆ. ನಕಲು ಪೂರಾ ನಿಂತೇ ಹೋದರೆ ಮಾತ್ರ ಸಂಖ್ಯೆಯನ್ನೇ ಹೇಳುವುದಿಲ್ಲ, 'ನಲ್' ಅನ್ನುತ್ತದೆ. '60 ದಾಟಿದರೆ ಕೂಗು' ಎಂದು ಕಟ್ಟಿಟ್ಟ ಗಂಟೆ ಆಗ ಬಾರಿಸುವುದೇ ಇಲ್ಲ! ಪೋಸ್ಟ್‌ಗ್ರೆಸ್‌ನಲ್ಲಿ ಸ್ಟ್ಯಾಂಡ್‌ಬೈಯನ್ನೊಂದನ್ನೇ ಕೇಳಿದರೆ, ತನಗೆ ಬಂದದ್ದನ್ನೂ ತಾನು ಬರೆದುಕೊಂಡದ್ದನ್ನೂ ತಾಳೆ ನೋಡಿ 'ಬಾಕಿ ಸೊನ್ನೆ' ಎನ್ನುತ್ತದೆ. ಪ್ರೈಮರಿಯ ಸಂಪರ್ಕ ಕಡಿದುಹೋಗಿದ್ದರೂ ಸೊನ್ನೆಯೇ. ಅದಕ್ಕೇ ಎರಡೂ ಕಡೆ ಕೇಳಬೇಕು. ಪ್ರೈಮರಿಯಲ್ಲಿ ಸೆಕೆಂಡಿಗೊಮ್ಮೆ ಗಡಿಯಾರದ ಹೊತ್ತು ಬರೆಸಿ, ಸ್ಟ್ಯಾಂಡ್‌ಬೈಯಲ್ಲಿ ಅದನ್ನು ಓದಿ, ಮೂರನೆಯದೊಂದು ಯಂತ್ರ ಎರಡನ್ನೂ ಹೋಲಿಸಬೇಕು.

ಇದು ಬರೀ ಪುಸ್ತಕದ ಬದನೆಕಾಯಿ ಅಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಹೊರೆ ಹೆಚ್ಚಿ ಎರಡನೇ ಸರ್ವರ್ ಹಿಂದೆ ಬಿತ್ತು. ಅದನ್ನು ಹೊಸದಾಗಿ ಕಟ್ಟಲು ಹೊರಟ ಇಂಜಿನಿಯರ್ ಅದರ ಕಡತಗಳನ್ನು ಅಳಿಸುವ ಬದಲು ಪ್ರೈಮರಿಯ ಕಡತಗಳನ್ನೇ ಅಳಿಸಿಬಿಟ್ಟರು. ಸುಮಾರು 300 ಜಿಬಿ ಮಾಹಿತಿ ಕೆಲವೇ ಸೆಕೆಂಡಿನಲ್ಲಿ ಹೋಯಿತು. ಬ್ಯಾಕಪ್ ನೋಡಿದರೆ ಡಬ್ಬಿ ಖಾಲಿ! ಬ್ಯಾಕಪ್ ತಂತ್ರಾಂಶದ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ದಿನವೂ ಸೋಲುತ್ತಿತ್ತು. ಸೋಲನ್ನು ತಿಳಿಸುವ ಇ-ಮೇಲ್‌ಗಳು ತಿರಸ್ಕೃತವಾಗಿ ಯಾರ ಕೈಗೂ ಸೇರಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟ ಒಂದು ಪ್ರತಿ ಸಿಕ್ಕಿದ್ದರಿಂದ ಬಚಾವಾದರು. ಆ ನಡುವಿನ ಆರು ಗಂಟೆಗಳ ಮಾಹಿತಿ ಮಾತ್ರ ಮತ್ತೆ ಬರಲಿಲ್ಲ. ಕಂಪನಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು, ಆದ್ದರಿಂದಲೇ ನಾವೆಲ್ಲ ಪಾಠ ಕಲಿತೆವು.

ಈಗ ನಮ್ಮ ಊರಿಗೆ ಬನ್ನಿ. 'ಭೂಮಿ' ಯೋಜನೆಯಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಅದಕ್ಕೂ ಮೊದಲು ಅವು ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿ, ಕೈಬರಹದ ಪುಸ್ತಕಗಳಲ್ಲಿ ಇದ್ದವು. ಅಲ್ಲಿ ಲಂಚವಿತ್ತು, ತಿದ್ದುವ ಕೈಗಳಿದ್ದವು, ಗಣಕೀಕರಣ ಒಳ್ಳೆಯದೇ ಆಯಿತು. ಆದರೆ ಒಂದು ಗಮನಿಸಿ. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವಾಯಿತು. ಅಂದರೆ ಡೇಟಾಬೇಸಿನಲ್ಲಿ ಇರುವುದೇ ಜಮೀನು! ಗಿಟ್‌ಲ್ಯಾಬ್ ಕಳೆದುಕೊಂಡಂಥ ಆರು ಗಂಟೆ ತಾಲ್ಲೂಕು ಕಚೇರಿಯಲ್ಲಿ ಕಳೆದುಹೋದರೆ ಅದು ಒಂದು ಇಡೀ ದಿನದ ಮ್ಯುಟೇಶನ್. ಅಪ್ಪ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಅಲೆದು ಖಾತೆ ಮಾಡಿಸಿಕೊಂಡ ಮಗ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಪಹಣಿಯಲ್ಲಿ ಅವನ ಹೆಸರೇ ಇರುವುದಿಲ್ಲ. ಅವನ ಹತ್ತಿರ ಎರಡನೇ ಪ್ರತಿ ಎಲ್ಲಿದೆ?

ಸರ್ಕಾರ ಅಂದಮೇಲೆ ಎಲ್ಲ ಭದ್ರವಾಗಿರುತ್ತದೆ ಎನ್ನುವವರು ದಕ್ಷಿಣ ಕೊರಿಯಾ ನೋಡಲಿ. ನಮಗಿಂತ ತಂತ್ರಜ್ಞಾನದಲ್ಲಿ ಮುಂದಿರುವ ದೇಶ. 2025ರ ಸೆಪ್ಟೆಂಬರ್‌ನಲ್ಲಿ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಸೇವೆಗಳು ನಿಂತವು. ಸರ್ಕಾರಿ ನೌಕರರ 858 ಟೆರಾಬೈಟ್ ಕಡತಗಳಿಗೆ ಹೊರಗೆ ಎಲ್ಲೂ ಪ್ರತಿ ಇರಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟ ಹಾಗಾಯಿತು.

ಹಾಗಾಗಿ ನಮ್ಮ ಸರ್ಕಾರವನ್ನು ನಾಲ್ಕೇ ಪ್ರಶ್ನೆ ಕೇಳಬೇಕು ಎಂಬುದು ನನ್ನ ವಾದ.

1. ಪಹಣಿ ಮತ್ತು ನೋಂದಣಿ ದಾಖಲೆಗಳ ಸ್ಟ್ಯಾಂಡ್‌ಬೈ ಪ್ರೈಮರಿಯಿಂದ ಎಷ್ಟು ದೂರದಲ್ಲಿದೆ? (ಹೇವರ್ಡ್ ಭೂಬಿರುಕಿನ ಮಗ್ಗುಲಲ್ಲಿ ಮಲಗುವ ನಮಗೆ ಮಿಲ್ಪಿಟಾಸಿನ ಯಂತ್ರಕ್ಕೆ ಸ್ಯಾನ್ ಹೋಸೆ ಕಾವಲಾಗದು ಎಂದು ಬಿಡಿಸಿ ಹೇಳಬೇಕಿಲ್ಲ.)
2. ಕಳೆದ ತಿಂಗಳು ನಕಲು ಅತಿ ಹೆಚ್ಚೆಂದರೆ ಎಷ್ಟು ನಿಮಿಷ ಹಿಂದೆ ಬಿದ್ದಿತ್ತು?
3. ಪ್ರೈಮರಿಯನ್ನು ಬೇಕೆಂದೇ ನಿಲ್ಲಿಸಿ ಸ್ಟ್ಯಾಂಡ್‌ಬೈ ಮೇಲೆ ಕೆಲಸ ನಡೆಸಿ ನೋಡಿದ್ದು ಕೊನೆಯ ಸಲ ಯಾವತ್ತು?
4. ಬ್ಯಾಕಪ್‌ನಿಂದ ದಾಖಲೆಗಳನ್ನು ಮರಳಿ ಪಡೆದು ಪರೀಕ್ಷಿಸಿದ್ದು ಯಾವತ್ತು? ಪ್ರೈಮರಿಯಲ್ಲಿ ತಪ್ಪಾಗಿ ಅಳಿಸಿದ್ದು ಸ್ಟ್ಯಾಂಡ್‌ಬೈಯಲ್ಲೂ ಅಳಿಸಿಹೋಗುತ್ತದೆ, ಆದ್ದರಿಂದ ಒಂದಿದ್ದರೆ ಇನ್ನೊಂದು ಬೇಡ ಅನ್ನುವಂತಿಲ್ಲ.

'ಇದೆಲ್ಲ ಭದ್ರತೆಯ ವಿಷಯ' ಎಂಬ ಉತ್ತರ ಬರಬಹುದು. ನಾವು ಯಂತ್ರದ ವಿಳಾಸ ಕೇಳುತ್ತಿಲ್ಲ, ಪಾಸ್‌ವರ್ಡ್ ಕೇಳುತ್ತಿಲ್ಲ. ಒಂದು ದೂರ, ಒಂದು ನಿಮಿಷದ ಲೆಕ್ಕ, ಎರಡು ತಾರೀಕು, ಅಷ್ಟೇ. ಇವುಗಳಿಂದ ಕಳ್ಳನಿಗೆ ದಾರಿ ಸಿಗುವುದಿಲ್ಲ, ರೈತನಿಗೆ ಧೈರ್ಯ ಸಿಗುತ್ತದೆ.

ಕೇಳುವುದು ಹೇಗೆ ಅಂತೀರಾ? ಭಾರತದ ಪೌರತ್ವ ಉಳಿಸಿಕೊಂಡಿರುವ ಗೆಳೆಯರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಇಲ್ಲಿನ ಪಾಸ್‌ಪೋರ್ಟ್ ಪಡೆದವರು ಊರಲ್ಲಿರುವ ಅಣ್ಣನಿಗೋ ಅಕ್ಕನಿಗೋ ಹೇಳಿ ಹಾಕಿಸಿ. ಅರ್ಜಿ ಕನ್ನಡದಲ್ಲೇ ಇರಲಿ, ಪ್ರಶ್ನೆ ಮಾತ್ರ ಕಸುಬು ಬಲ್ಲವರದಾಗಿರಲಿ. ಇಲ್ಲಿ ಯಾರದೋ ಶಾಪಿಂಗ್ ಕಾರ್ಟ್ ಕಳೆದುಹೋಗದಿರಲಿ ಅಂತ ನಡುರಾತ್ರಿ ಎದ್ದು ಕೂರುತ್ತೇವೆ. ಅಪ್ಪನ ಮೂರು ಎಕರೆಗೆ ನಾಲ್ಕು ಪ್ರಶ್ನೆ ಕೇಳಲಾರೆವೇ?

ಏನಂತೀರಿ?

— ಮಿಲ್ಪಿಟಾಸಿನಿಂದ ಒಬ್ಬ ಕನ್ನಡಿಗ